ಚಿಲಕ ಹೊರಗಿರುವ ಮನೆ

ಕರಡಿಯಣ್ಣನ ಮನೆಯವರಾದ ಅಕ್ಕಾ, ಅವರ ಮಗಳೇ, ಮುಂದಿನ ಸಾಲಿನ ಸಾಹೇಬರೇ, ಹಿಂದೆ ಗೋಡೆಗೊರಗಿ ನಿಂತಿರುವ ನನ್ನ ಜೊತೆಗಾರರೇ — ಎಲ್ಲರಿಗೂ ನಮಸ್ಕಾರ.

ನಮ್ಮ ಕರಡಿಯಣ್ಣ ಇಪ್ಪತ್ತಾರು ವರ್ಷ ಈ ಮೃಗಾಲಯದ ಕರಡಿಗಳನ್ನು ನೋಡಿಕೊಂಡವರು. ಒಮ್ಮೆ ನಾನು ಕಿರುಹೊತ್ತಿಗೆಯೊಂದನ್ನು ಹಿಡಿದು ಅವರ ಮುಂದೆ ಜಂಬ ಕೊಚ್ಚಿದೆ. 'ಝೂ' ಅನ್ನುವುದು ಉದ್ದದ ಹೆಸರೊಂದರ ತುಂಡು, ಅದರ ಬೇರು ಗ್ರೀಕರ ಮಾತು, ಅರ್ಥ — ಜೀವ ಇರುವುದು. ಅಣ್ಣ ಕ್ಯಾರೆಟ್ ಹೆಚ್ಚುತ್ತಿದ್ದರು. ತಲೆಯೆತ್ತದೆ ಹೇಳಿದರು: "ಹಂಗಾದ್ರೆ ನಾನೂ ಅದ್ರಲ್ಲಿ ಬಂದೆ ಬಿಡಪ್ಪಾ, ಪಂಡಿತ."

'ಮೃಗ'ಕ್ಕೆ ಬೇಟೆಯ ನಂಟು, 'ಆಲಯ' ಅಂದರೆ ಮನೆ ಅಂದೆ. ಆಗ ಚಾಕು ಕೆಳಗಿಟ್ಟರು.

"ಮನೆ ಅಂದ್ರೆ ಚಿಲಕ ಒಳಗಿರ್ಬೇಕು ಕಣೋ. ಇದ್ಯಾವ ಸೀಮೆ ಮನೆ?"

ಕರಡಿ ಅಂಗಳ ಗುಡಿಸಲು ಇಬ್ಬರು ಬೇಕು. ನಿಮಗೆಲ್ಲ ಗೊತ್ತು, ಅಕ್ಕನಿಗಾಗಿ ಹೇಳುತ್ತೇನೆ. ಒಬ್ಬ ಒಳಕೋಣೆಯ ಕಿಂಡಿಯಲ್ಲಿ ನೋಡಿ ಕರಡಿಗಳನ್ನು ಎಣಿಸುತ್ತಾನೆ. ಇನ್ನೊಬ್ಬ ಕಬ್ಬಿಣದ ಬಾಗಿಲು ಇಳಿಸುವ ಮುನ್ನ ಕೂಗಿ ಕೇಳುತ್ತಾನೆ: "ಎರಡೂ ಒಳಗಾ?" "ಎರಡೂ ಒಳಗೆ" ಅಂತ ಉತ್ತರ ಬಂದ ಮೇಲೇ ಅಂಗಳಕ್ಕೆ ಕಾಲಿಡುವುದು.

ಆ ಇನ್ನೊಬ್ಬ — ನಾನು. ರಜೆಯ ಜನಜಂಗುಳಿ ಅಂತ ನನ್ನನ್ನು ಮಕ್ಕಳ ರೈಲಿಗೆ ಹಾಕಿದಿರಿ, ಸಾಹೇಬರೇ. ನಾನು ಹೋದೆ. ಪೀಪಿ ಊದಿದೆ.

ಆಮೇಲೆ ಅಣ್ಣ ಕಿಂಡಿಯಲ್ಲಿ ಎಣಿಸಿ, ಬಾಗಿಲಿಗೆ ಓಡಿ, ತಾವೇ ಕೂಗಿ, ತಾವೇ ಉತ್ತರ ಕೊಟ್ಟುಕೊಳ್ಳುತ್ತಿದ್ದರು. ನಾವು ನಕ್ಕೆವು. "ಕರಡಿಯಣ್ಣಂಗೆ ಎರಡು ಬಾಯಿ ಬಂದಿದೆ ಕಣ್ರೋ" ಅಂದವರು ಇಲ್ಲೇ ಇದ್ದಾರೆ. ಅಣ್ಣ ಹೋದ ಆ ಬೆಳಿಗ್ಗೆಯೂ ಅವರು ಕೂಗಿದ್ದು ಪಕ್ಕದ ಜಿಂಕೆ ಅಂಗಳದವರೆಗೆ ಕೇಳಿಸಿತ್ತು. "ಎರಡೂ ಒಳಗೆ."

ಒಳಗಿದ್ದದ್ದು ಒಂದು. ಹೆಣ್ಣುಕರಡಿ ಹೊರಗೆ, ನೀರಿನ ತೊಟ್ಟಿಯ ಹಿಂದಿತ್ತು.

ವರದಿ ಬಂದಿದೆ. ಮೊದಲ ಸಾಲು — ಕರಡಿಗಳೆರಡೂ ಕ್ಷೇಮ. ಎರಡನೆಯದು — ನೌಕರನ ಅಜಾಗರೂಕತೆ. ಇಬ್ಬರ ಕೆಲಸಕ್ಕೆ ಒಬ್ಬರನ್ನೇ ಬಿಟ್ಟಿದ್ದರ ಬಗ್ಗೆ ಒಂದಕ್ಷರವಿಲ್ಲ. ಆ ವರದಿ ಹಾಗೇ ನಿಂತರೆ ಅಕ್ಕ, ಮಗಳು ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ಹಾರವನ್ನು ಮಾತ್ರ ದೊಡ್ಡದೇ ತಂದಿದ್ದೀರಿ, ಸಾಹೇಬರೇ.

ನಾನು ನಿನ್ನೆ ನನ್ನ ಹೇಳಿಕೆ ಬರೆದೆ. ಅಂಗಳ ಬಿಟ್ಟು ಹೋದದ್ದು, ನಕ್ಕದ್ದು, ಸುಮ್ಮನಿದ್ದದ್ದು — ಎಲ್ಲ ಇದೆ. ಅದನ್ನು ಅಣ್ಣನ ಫೋಟೊದ ಪಕ್ಕದಲ್ಲಿಟ್ಟಿದ್ದೇನೆ. ಜೊತೆಗಾರರೇ, ಕೆಳಗೆ ನಿಮ್ಮ ಸಹಿಗಳಿಗೆ ಜಾಗ ಬಿಟ್ಟಿದ್ದೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಯಾರೂ ಮಾತಾಡುವುದು ಬೇಡ. ನಮಗದು ಕಷ್ಟವೇನಲ್ಲ — ಅಣ್ಣ ಹೋದಂದಿನಿಂದ ಅದನ್ನೇ ಮಾಡುತ್ತಿದ್ದೇವೆ.