ಐದೂವರೆ ಔನ್ಸಿನ ಪವರ್ ಬ್ಯಾಂಕ್

ಸೆಪ್ಟೆಂಬರ್ ಇಪ್ಪತ್ತೆಂಟು, ಶನಿವಾರ. ಮಧ್ಯಾಹ್ನ ಬಿಸಿಲು. ಬಿಟರ್‌ರೂಟ್ ಬೆಟ್ಟದ ಮೇಲೆ ಕಾಡ್ಗಿಚ್ಚಿನ ಹೊಗೆ. ಗಾಳಿಯಿಲ್ಲ.

...ಹದಿಮೂರು ಔನ್ಸ್! ನೀನೇ ನೋಡು, ತಕ್ಕಡಿ ಮೇಲೇ ಇದೆ. ಇದೇನು ಪವರ್ ಬ್ಯಾಂಕೋ ಇಟ್ಟಿಗೆಯೋ? ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದಾನೆ ನಿನಗೆ. ಇದನ್ನ ಹೊತ್ಕೊಂಡು ಒಂಬತ್ತು ಮೈಲಿ ಹತ್ತುತೀಯಾ? ತಗೋ. ತಗೊಂಡು ಮನೆಗೆ ಹೋಗು, ಟೆಸ್. ಯಾವುದು ತರಲಿ ಅಂತ ಕೇಳಿದೆ, ಹೇಳಿದ್ದಾಯ್ತು. ಬೇಟೆಗೆ ಕರ್ಕೊಂಡು ಹೋಗು ಅಂತ ಮಾತ್ರ ಕೇಳಬೇಡ.

ಯಾಕೆ ನಗ್ತೀಯ? ಹಲ್ಲುಜ್ಜೋ ಬ್ರಶ್ ನೋಡಿ? ಹೌದು, ಹಿಡಿ ಕತ್ತರಿಸಿದೀನಿ, ಗರಗಸದಲ್ಲಿ. ಮಲಗೋ ಚೀಲದ ಲೇಬಲ್ಲೂ ಕಿತ್ತು ಬಿಸಾಕಿದೀನಿ. ನಗು, ನಗು. ಎಂಟನೇ ಮೈಲಿಯಲ್ಲಿ ಯಾರು ನಗ್ತಾರೆ ನೋಡೋಣ. ಇಪ್ಪತ್ತೆರಡು ವರ್ಷ ನಿಮ್ಮಪ್ಪನೂ ನಾನೂ ಈ ಗ್ಯಾರೇಜಿನಲ್ಲಿ ಒಂದೊಂದೇ ಸಾಮಾನು ತೂಗಿದೀವಿ. ಬರೋವಾಗ ಎಲ್ಕ್ ಹೊರಬೇಕಲ್ಲ! ಕುದುರೆಯಷ್ಟು ದೊಡ್ಡ ಜಿಂಕೆ. ಮೂಳೆ ಬಿಡಿಸಿದರೂ ಇನ್ನೂರು ಪೌಂಡ್ ಮಾಂಸ. ಅದಕ್ಕೆ ಜಾಗ ಮಾಡೋದಕ್ಕೇ ಈ ಔನ್ಸಿನ ಲೆಕ್ಕ.

ನಾನು ಒಯ್ಯೋದು ಇದು. ಐದೂವರೆ ಔನ್ಸ್. ಅಂಗಿ ಜೇಬಿಗೆ ಹಿಡಿಸುತ್ತೆ. ಪೆಟ್ಟಿಗೆ ಮೇಲೆ ಬರೆದ ಚಾರ್ಜಿನ ಅಂಕಿ ನಂಬಬೇಡ, ಮೂರರಲ್ಲಿ ಎರಡು ಪಾಲು ಕೈಗೆ ಬಂದರೆ ಹೆಚ್ಚು. ಆದರೂ ಸಾಕು. ಮ್ಯಾಪ್ ನೋಡೋಕೆ ಫೋನು, ಹಣೆಗೆ ಕಟ್ಟೋ ಟಾರ್ಚು, ಸಹಾಯ ಕರೆಯೋ ಸ್ಯಾಟಲೈಟ್ ಯಂತ್ರ. ಮೂರೇ. ಮತ್ತೆ ರಾತ್ರಿ ಇದನ್ನ ಮಲಗೋ ಚೀಲದ ಒಳಗೆ ಇಟ್ಕೋಬೇಕು, ಮೈಗೆ ತಾಗಿಸಿ. ಹೊರಗೆ ಬಿಟ್ಟರೆ ಚಳಿಗೆ ಸತ್ತೇ ಹೋಗುತ್ತೆ.

ನಿಮ್ಮಪ್ಪ ಗಾರ್ತ್ ಹೊರಗೆ ಬಿಟ್ಟಿದ್ದ. ಹೇಳಿದೀನಲ್ಲ ಎಷ್ಟೋ ಸಲ! ಹೋದ ವರ್ಷದ ಚಳಿ ಅಂಥದ್ದು. ಅವನು ಅದನ್ನ ಚೀಲದ ಹೊರಜೇಬಲ್ಲಿ ಬಿಟ್ಟ, ಅದು ಸತ್ತಿತು, ಯಂತ್ರಕ್ಕೆ ಚಾರ್ಜ್ ಸಿಗಲಿಲ್ಲ. ತಪ್ಪು ಯಾರದು? ಸತ್ತವರ ಮೇಲೆ ಹೇಳಬಾರದು, ಆದರೂ ನೀನೇ ಬಾಯಿ ಬಿಡಿಸ್ತಿದೀಯ.

ಏನಂದೆ?

ದೊಡ್ಡದು ತಗೊಂಡಿದ್ದನಾ? ಯಾರು ಹೇಳಿದ್ದು, ನಿಮ್ಮಮ್ಮನಾ? ಅವಳಿಗೇನು ಗೊತ್ತು! ...ಸರಿ. ತಗೊಂಡಿದ್ದ. ಇದೇ ನಿನ್ನ ಇಟ್ಟಿಗೆ ಥರದ್ದು. ದಾರಿ ಶುರುವಾಗೋ ಕಡೆ ಗಾಡಿ ನಿಲ್ಲಿಸಿದಾಗ ಅದನ್ನ ಸೀಟಿನ ಮೇಲೆ ಬಿಡಿಸಿದೆ. ಹೌದು, ನಾನೇ. ಇಬ್ಬರಿಗೂ ನನ್ನದೊಂದೇ ಸಾಕು, ಮುದುಕನ ಹಾಗೆ ಆಡಬೇಡ ಅಂದೆ. ಅವನೂ ನಕ್ಕ. ಯಾರೂ ಅವನ ಕೈ ತಿರುಚಲಿಲ್ಲ!

ಹಾಗೆ ನೋಡಬೇಡ. ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷ ಆ ಬೆಟ್ಟ ಹತ್ತಿದೀನಿ.

ಎಲ್ಲಿ ಬಿದ್ದ ಅಂತ ತೋರಿಸಬೇಕಾ? ಅದಕ್ಕೇ ಬರ್ತೀಯಾ? ಏನಿದೆ ಅಲ್ಲಿ! ಕಲ್ಲು. ಜಾರಿದ, ಪಕ್ಕೆ ಬಂಡೆಗೆ ಬಡೀತು, ಕಾಲು ಉಳುಕಿತು. ಎದ್ದು ಕೂತ. ಮಾತಾಡ್ತಿದ್ದ, ನನ್ನನ್ನೇ ಬೈತಿದ್ದ. ಕಾಲು ಉಳುಕಿದ್ದಕ್ಕೆ ಯಾರಾದರೂ ಹೆಲಿಕಾಪ್ಟರ್ ಕರೀತಾರಾ? ಊರೆಲ್ಲ ನಗಲ್ವಾ? ಒಳಗೆ ರಕ್ತ ಸೋರ್ತಿದೆ ಅಂತ ನನಗೇನು ಗೊತ್ತು? ಡಾಕ್ಟರೂ ಕೊಯ್ದು ನೋಡಿದ ಮೇಲೇ ಹೇಳಿದ್ದು!

ಅಷ್ಟರಲ್ಲಿ ಆಚೆ ಕಣಿವೆಯಲ್ಲಿ ಎಲ್ಕ್ ಕೂಗಿತು. ಗಂಡು. ಎಂಥ ಕೂಗು ಅಂತೀಯ... ನಿಮ್ಮಪ್ಪನೇ ಅಂದ: "ಹೋಗೋ ಅರ್ಲೋ, ನನ್ನ ಮುಖ ನೋಡ್ತಾ ಏನು ಕೂತಿದೀಯ." ಅವನೇ ಅಂದದ್ದು! ಹೋದೆ. ಹೊಡೆದೆ. ಒಂದೇ ಗುಂಡು.

ಹೊಡೆದ ಮೇಲೆ ಬಿಟ್ಟು ಬರೋಕಾಗುತ್ತಾ? ಹೇಳು. ನೀನೂ ಈ ಊರಲ್ಲೇ ಬೆಳೆದವಳು. ಮಾಂಸ ಕೊಳೆಯೋಕೆ ಬಿಟ್ಟು ಬಂದವನ ಎದುರು ಯಾರು ಕೂತು ಕಾಫಿ ಕುಡೀತಾರೆ? ಬೇಟೆ ಲೈಸೆನ್ಸ್ ಹೋಗೋದು ಆಮೇಲಿನ ಮಾತು. ಅದರಲ್ಲೂ ಅವತ್ತಿನ ಸೆಖೆ! ನೊಣ ಮುತ್ತುತಿತ್ತು. ಕತ್ತಲಾದ ಮೇಲೂ ತೋಳು ಮಡಚ್ಕೊಂಡು, ಬೆವರು ಒರೆಸ್ಕೊಂಡು ಕೊಯ್ದೆ. ಒಂದು ಗಂಟೆ ತಡ ಆಗಿದ್ದರೆ ತೊಡೆ ಮಾಂಸ ಪೂರ್ತಿ ಹುಳಿ ಹಿಡೀತಿತ್ತು...

ಏನು?

ಏನಾಯ್ತು? ಸೆಖೆ ಅಂದೆನಾ?

ಬೆಳಗಿನ ಜಾವ ಚಳಿ ಆಯ್ತು. ಹಾಗೆ ಹೇಳಿದ್ದು ನಾನು. ಬೆಟ್ಟದಲ್ಲಿ ಹಗಲು ಒಂದು ಥರ, ರಾತ್ರಿ ಒಂದು ಥರ, ನಿನಗೆ ಅದೆಲ್ಲ...

ಮಾತಾಡು. ಬೈಯಿ ಬೇಕಾದರೆ. ನಿಮ್ಮಪ್ಪನ ಥರ ಬೈಯಿ! ಹಾಗೆ ಕೂರಬೇಡ ನನ್ನೆದುರು.

...ಚಳಿ ಇರಲಿಲ್ಲ.

ಪವರ್ ಬ್ಯಾಂಕ್ ಸತ್ತಿರಲಿಲ್ಲ. ಹೊರಜೇಬಲ್ಲೂ ಇರಲಿಲ್ಲ. ನನ್ನ ಹತ್ತಿರ ಇತ್ತು. ಟಾರ್ಚ್ ಮಂಕಾಗಿತ್ತು, ಕತ್ತಲಲ್ಲಿ ಮೂಳೆ ಬಿಡಿಸೋಕಾಗಲ್ಲ, ತಗೊಂಡು ಹೋದೆ. ಇಬ್ಬರಿಗೂ ಇದ್ದ ಒಂದೇ ಯಂತ್ರ ಅವನ ಹತ್ತಿರ ಬಿಟ್ಟೆ, ಅದರಲ್ಲಿ ನಾಲ್ಕು ಪರ್ಸೆಂಟ್ ಇತ್ತು. ನೋಡಿಯೇ ಹೋದೆ. "ಸಾಕಲ್ವಾ?" ಅಂದೆ. "ಸಾಕು" ಅಂದ. ಎರಡು ಗಂಟೆಯಲ್ಲಿ ಬರ್ತೀನಿ ಅಂದಿದ್ದೆ. ಬಂದಾಗ ಬೆಳಕಾಗಿತ್ತು. ಒಂದು ಹೊರೆ ಮಾಂಸ ಬೆನ್ನ ಮೇಲೆ ಇತ್ತು, ಅದಕ್ಕೇ ತಡ.

ಇಡೀ ರಾತ್ರಿ ಟಾರ್ಚಿಗೆ ಕೊಟ್ಟರೂ ಪವರ್ ಬ್ಯಾಂಕಲ್ಲಿ ಚಾರ್ಜ್ ತೋರಿಸೋ ಎರಡು ಚುಕ್ಕೆ ಇನ್ನೂ ಉರೀತಿತ್ತು, ಟೆಸ್. ಸಿಕ್ಕಿಸಿದ ಕೂಡಲೇ ಆರಿ ಹೋಗಿದ್ದ ಯಂತ್ರ ಎದ್ದಿತು. ನಾನು ಕರೆದ ಮೇಲೆ ಐವತ್ತು ನಿಮಿಷಕ್ಕೆ ಹೆಲಿಕಾಪ್ಟರ್ ಬಂತು.

ಕೂತ್ಕೋ. ಹೋಗಬೇಡ, ಇನ್ನೊಂದಿದೆ. ನಿದ್ದೆಯಲ್ಲೇ ಹೋದ, ನೋವಾಗಲಿಲ್ಲ ಅಂತ ನಿಮ್ಮಮ್ಮನಿಗೆ ಹೇಳಿದ್ದು ನಾನು. ಸಮಾಧಿ ಹತ್ತಿರ ನಿನಗೂ ಅದನ್ನೇ ಹೇಳಿದೆ.

ನಿದ್ದೆ ಮಾಡಿರಲಿಲ್ಲ ಅವನು. ಯಂತ್ರ ಎರಡೂ ಕೈಯಲ್ಲಿ ಹಿಡಿದಿದ್ದ. ಸಹಾಯ ಕರೆಯೋ ಗುಂಡಿ ಮೇಲಿನ ರಬ್ಬರು ಹರಿದು ಹೋಗಿತ್ತು... ಹೆಬ್ಬೆರಳಿನ ಉಗುರು ಅರ್ಧಕ್ಕೆ ಮುರಿದಿತ್ತು.