ಮಂದಿ ಮುಂದಿನ ಒಡಪು

ಎಪ್ಪತ್ತಾರನೇ ಇಸವಿ ಇರಬೇಕ ನೋಡ್ರಿ. ಮನಗೂಳಿ ಬಸ್‌ಸ್ಟ್ಯಾಂಡಿನ್ಯಾಗ ತಾಳಿಕೋಟಿ ಗಾಡಿ ಕಾಯಕೋಂತ ಕುಂತಿದ್ದೆ. ಬೆನ್ನ ಹಿಂದ ಅಕ್ಕ-ತಂಗಿ ಇಬ್ರು ಮಾತಾಡಾಕತ್ತಿದ್ರು. ಕಿವಿ ಮುಚ್ಚಿಕೊಳ್ಳೂ ಮನಷ್ಯಾ ನಾ ಅಲ್ಲ, ಕೇಳಿದೆ.

“ತಿಪ್ಪವ್ವ, ನಿನ್ನಿ ಆ ಬಸುರಿ ಹುಡುಗಿ ಕುಬಸದ ಮನ್ಯಾಗ ನಿನ್ನ ಗಂಡ ನಿನ್ನ ಹೆಸರು ಕೂಡಿಸಿ ಎಷ್ಟ ಚಂದ ಒಡಪು ಹೇಳಿದ! ಹೆಂಗಸರೆಲ್ಲ ಹೊಟ್ಟಿ ಉರ್ಕೊಂಡ್ರು. ಇವತ್ತ ನೋಡಿದ್ರ ತವರಿಗೆ ಬರ್ತೇನಿ ಅಂತಿ.”

“ಮನ್ಯಾಗ ಅವರು ನನ್ನ ಜೋಡಿ ಮಾತ ಬಿಟ್ಟಾರಕ್ಕ. ‘ಏ’ ಅಂತನೂ ಕರ್ಯಾಂಗಿಲ್ಲ. ಉಂಡು ಗಂಗಾಳ ಸರಿಸಿ ಎದ್ದು ಹೋಗ್ತಾರ.”

“ಮತ್ತ ಆ ಒಡಪು?”

“ಮಂದಿ ಮುಂದಿನ ಸೋಗು.”

“ಗೊತ್ತಿದ್ದೂ ‘ಇನ್ನೊಮ್ಮೆ ಹೇಳ್ರಿ’ ಅಂತ ಯಾಕ ಗಂಟ ಬಿದ್ದಿ?”



“ಕೇಳಬೇಕ ಅನಸ್ತು. ಅವರು ಗ್ವಾಡಿ ನೋಡಕೋಂತ ಹೇಳಿದ್ರು. ನಾ ಹೊಸ ಮದುಮಗಳಂಗ ನಕ್ಕೆ. ನೆನಸಿದ್ರ ನನ್ನ ಮಾರಿ ನನಗ ತೋರಸಬಾರ್ದು ಅನಸ್ತೈತಿ.”

“ಅದಕ್ಕ ನಡಿ, ಅವ್ವನ ಕಡೆ ನಾಕ ದಿನ ಇರು. ಏಳ, ಗಾಡಿ ಬಂತು.”

ಅಕ್ಕ ಗಂಟು ಎತ್ತಿದ್ಲು. ತಂಗಿ ಏಳಲಿಲ್ಲ.

“ನೀ ಹೋಗಕ್ಕ. ಇವತ್ತ ಸಂಜಿಕ ಅವರ ಕಾಕಾ ಊಟಕ್ಕ ಬರಾವ್ರು ಅದಾರ.”

“ಬಂದ್ರ ನಿನಗೇನ?”

“ಮಂದಿ ಇದ್ರ ನನ್ನ ಜೋಡಿ ಮಾತಾಡ್ತಾರ.”

ಅಕ್ಕ ಗಾಡಿ ಹತ್ತಿದ್ಲು. ತಂಗಿ ಸೆರಗು ಮಾರಿಮ್ಯಾಲ ಎಳಕೊಂಡು ಊರಾಗ ಹೋದ್ಲು.