ಅಕ್ಕಿ ಡಬ್ಬಿಯ ಲೆನ್ಸ್

ಆಲೂರಿನ ಬಸ್ಸಿನಲ್ಲಿ ಜಪಸರ ಎಣಿಸುತ್ತಿದ್ದ ಡೊರೊತಿಯಮ್ಮನಿಗೆ ಮುಂದಿನ ಸೀಟಿನ ದನಿ ಗುರುತು ಸಿಕ್ಕಿತು. ತೀರಿಹೋದ ಗಂಡನ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಜರ್ಮನ್ ಲೆನ್ಸನ್ನು ಹೋದ ವಾರ ಕೊಂಡವನು ಅವನೇ. ಜೊತೆಯವನು ಕೇಳುತ್ತಿದ್ದ.

"ಜಪಾನಿನ ಲೆನ್ಸು ನಲವತ್ತು ಸಾವಿರಕ್ಕೆ ಸಿಗ್ತೈತೆ. ಜರ್ಮನಿದಕ್ಕೆ ಯಾಕೋ ಎರಡು ಲಕ್ಷ?"

"ಫೋಟೊ ಎರಡರಲ್ಲೂ ಒಂದೇ ಕಣೋ. ಹೆಸರಿಗೆ ಕೊಡ್ತಾರೆ, ಮಾರಾಯ."

"ನೀನೆಷ್ಟು ಕೊಟ್ಟೆ?"

"ನಾಲ್ಕು ಸಾವಿರ. ಒಳಗೆ ಬೂಷ್ಟು ಹಿಡಿದೈತೆ ಅಂದೆ. ಅಜ್ಜಿ ನಂಬಿಬುಟ್ಳು."

"ಹಿಡಿದಿತ್ತಾ?"

"ಎಲ್ಲಿ! ಅಕ್ಕಿ ಡಬ್ಬೀಲಿ ಮಡಗಿದ್ಳು, ತೇವಾನೇ ತಾಗಿಲ್ಲ. ಒಂದು ಚುಕ್ಕೆ ಇಲ್ಲ."

ಗಂಡನ ವಸ್ತು ತನ್ನ ಕೈಯಲ್ಲಿ ಹಾಳಾಯಿತೆಂದು ಡೊರೊತಿಯಮ್ಮ ಅಂದೇ ಬೆಳಿಗ್ಗೆ ಚರ್ಚಿನ ಬಲಿಪೂಜೆಯಲ್ಲಿ ಅತ್ತು, ತೀರಿಹೋದವನ ಕ್ಷಮೆ ಬೇಡಿ ಬಂದಿದ್ದಳು.

ಪಾಳ್ಯದ ಸ್ಟಾಪಿನಲ್ಲಿ ಇಬ್ಬರೂ ನಗುತ್ತ ಇಳಿದುಹೋದರು. ಅವಳ ಬೆರಳು, ಆ ದನಿ ಕೇಳಿದಾಗ ಹಿಡಿದಿದ್ದ ಜಪಸರದ ಅದೇ ಮಣಿಯ ಮೇಲೆ ನಿಂತಿತ್ತು.